ನಲವತ್ತೊಂದನೇ ನಂಬರಿನ ಮಗು

ಇದನ್ನು ನೀವು ನಂಬುವುದಿಲ್ಲ. ನಮ್ಮ ಕ್ಲಾಸಿನಲ್ಲಿ ಹೇಳಿದಾಗಲೂ ಯಾರೂ ನಂಬಲಿಲ್ಲ. ನಂಬಿದವಳು ಒಬ್ಬಳೇ, ಅವಳೂ ಸ್ವಲ್ಪ ಹೊತ್ತು ಯೋಚನೆ ಮಾಡಿ, “ಮೊಲಾನೂ ನಿಜವೇನೆ?” ಅಂದಳು. ಮೊಲ ಸುಳ್ಳು. ಮಿಕ್ಕಿದ್ದೆಲ್ಲ ನಿಜ. ನನಗೆ ಎರಡು ವರ್ಷ ತುಂಬುವ ಮೊದಲೇ ನಾನು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲೂಕಿನ ಗೋಡೆಗಳ ಮೇಲೆ ಮೊಳೆಗೆ ನೇತುಬಿದ್ದು ಹನ್ನೆರಡು ತಿಂಗಳೂ ನಗುತ್ತಿದ್ದೆ.

ಒಂದು ಕಡೆ ನನ್ನ ಕಾಲ ಕೆಳಗೆ ‘ಎಲ್ಲಾ ತರಹದ ರಸಗೊಬ್ಬರ ದೊರೆಯುತ್ತದೆ’ ಅಂತ ಅಚ್ಚಾಗಿತ್ತು. ಇನ್ನೊಂದು ಕಡೆ, ಇದ್ದ ಎರಡೇ ಎರಡು ಹಲ್ಲು ತೋರಿಸಿಕೊಂಡು ಹಲ್ಲು ಕಟ್ಟುವ ಡಾಕ್ಟರಿಗೆ ಪ್ರಚಾರ ಕೊಡುತ್ತಿದ್ದೆ. ಪಾಂಡವಪುರದ ಒಂದು ಕ್ಷೌರದಂಗಡಿಯಲ್ಲೂ ಇದ್ದೆನಂತೆ, ತಲೆಯ ಮೇಲೆ ಒಂದು ಕೂದಲೂ ಇಲ್ಲದೆ. ಗಿರಾಕಿಗಳು ಕನ್ನಡಿ ಬಿಟ್ಟು ನನ್ನನ್ನು ನೋಡಿ ಹೆದರುತ್ತಿದ್ದರಂತೆ. ನಮ್ಮ ಕಡೆ ಬಸುರಿ ಹೆಂಗಸರು ಬೆಳಗ್ಗೆ ಎದ್ದ ತಕ್ಷಣ ಮುದ್ದಾದ ಮಗುವಿನ ಪಟ ನೋಡಿದರೆ ಹುಟ್ಟುವ ಮಗುವೂ ಹಾಗೇ ಆಗುತ್ತದೆ ಅಂತ ಮಲಗುವ ಕೋಣೆಯಲ್ಲಿ ಇಂಥ ಕ್ಯಾಲೆಂಡರ್ ತೂಗುಹಾಕುತ್ತಾರೆ. ಆ ಲೆಕ್ಕದಲ್ಲಿ ಈ ನಾಲ್ಕು ತಾಲೂಕಿನ ಮಿಡ್ಲ್ ಸ್ಕೂಲುಗಳಲ್ಲಿ ನನ್ನ ಮೂಗು ಇಟ್ಟುಕೊಂಡು ಓಡಾಡುವ ಮಕ್ಕಳು ಕಮ್ಮಿ ಅಂದರೂ ಮುನ್ನೂರು ಇರಬೇಕು. ಯಾರೂ ಇದುವರೆಗೆ ಒಂದು ಥ್ಯಾಂಕ್ಸ್ ಹೇಳಿಲ್ಲ.

ನನ್ನನ್ನು ಗೋಡೆ ಹತ್ತಿಸಿದವರು ಕ್ಯಾಲೆಂಡರ್ ಏಜೆಂಟರು. ಶ್ರಾವಣ ಬಂದರೆ ಅವರೂ ಬಂದರು ಅಂತ. ಸ್ಯಾಂಪಲ್ ಆಲ್ಬಮ್ಮು ಬಗಲಲ್ಲಿ ಇಟ್ಟುಕೊಂಡು ಅಂಗಡಿ ಅಂಗಡಿ ತಿರುಗಿ ಆರ್ಡರ್ ಬರೆದುಕೊಳ್ಳುವುದು, ಡಿಸೆಂಬರಿನಲ್ಲಿ ಅಂಗಡಿಯ ಹೆಸರು ಅಚ್ಚು ಹಾಕಿಸಿದ ಕಟ್ಟುಗಳನ್ನು ತಂದು ಇಳಿಸುವುದು, ಇಷ್ಟೇ ಅವರ ಕಸುಬು. ಆಳು ಎಷ್ಟು ಸಣಕಲು ಅಂದರೆ ಆ ಆಲ್ಬಮ್ಮು ಅವರಿಗಿಂತ ಎರಡು ಕೆಜಿ ಹೆಚ್ಚು ತೂಗುತ್ತಿತ್ತು. ಸೇತುವೆ ಮೇಲೆ ಕಾವೇರಿ ಗಾಳಿ ಬೀಸಿದಾಗ ಅವರು ಆಲ್ಬಮ್ಮನ್ನು ಹಿಡಿದುಕೊಂಡಿದ್ದರೋ ಆಲ್ಬಮ್ಮು ಅವರನ್ನು ಹಿಡಿದುಕೊಂಡಿತ್ತೋ ಹೇಳುವುದು ಕಷ್ಟ. ಅವರ ಹೆಸರು ನಮಗೆ ಯಾರಿಗೂ ಗೊತ್ತಿರಲಿಲ್ಲ. ರಸೀತಿಯಲ್ಲಿ ಇರುತ್ತಿದ್ದ ಸಹಿ, ಇಂಕಿನಲ್ಲಿ ಬಿದ್ದ ಜಿರಳೆ ಎದ್ದು ಓಡಿಹೋದ ಹಾಗಿತ್ತು. ನಾಲ್ಕೂ ತಾಲೂಕಿನಲ್ಲಿ ಅವರು ‘ಏಜೆಂಟ್ರು’. ನಮ್ಮಪ್ಪನಿಗೂ ಏಜೆಂಟ್ರು, ಅವ್ವನಿಗೂ ಏಜೆಂಟ್ರು, ನನಗೂ ಏಜೆಂಟ್ರು.

ಮೊನ್ನೆ ಶ್ರಾವಣದಲ್ಲಿ ಹೊಸಬನೊಬ್ಬ ಮೋಟರ್ ಬೈಕಿನಲ್ಲಿ ಬಂದು ತೊಂಬತ್ತೆಂಟನೇ ಇಸವಿಯ ಸ್ಯಾಂಪಲ್ ಬಿಚ್ಚಿದ. “ಹಳಬ್ರು ಉಗಾದಿ ಎದ್ರಲ್ಲಿ ತೀರೋಗ್ಬುಟ್ರು ಸಾ, ಈ ಲೈನು ಈಗ ನಂದು,” ಅಂತ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಅಪ್ಪ ಚಿಮ್ಮಟ ಕೆಳಗಿಟ್ಟು, “ಮುಂದೆ ನಿಂತು ಮಣ್ಣು ಮಾಡಕ್ಕೆ ಯಾರಾನ ಇದ್ರಾ?” ಅಂತ ಕೇಳಿದರು. ಅವನಿಗೆ ಗೊತ್ತಿರಲಿಲ್ಲ. ನಾನು ಸುಮ್ಮನೆ ಆಲ್ಬಮ್ಮು ತಿರುವಿದೆ. ನಲವತ್ತೊಂದನೇ ನಂಬರಿನಲ್ಲಿ ಈಗ ಒಂದು ಕೆಂಪು ಕಾರು ನಿಂತಿದೆ.

ಆ ನಂಬರು ಏಳು ವರ್ಷ ನನ್ನದಾಗಿತ್ತು. ನಮ್ಮಪ್ಪ ಚಿನ್ನದ ಕೆಲಸದ ಆಚಾರಿ, ಶ್ರೀರಂಗಪಟ್ಟಣದ ಪೇಟೆ ಬೀದಿಯಲ್ಲಿ ಒಂದು ಕುಲುಮೆ, ಒಂದು ತಕ್ಕಡಿ, ಒಂದು ಗಾದಿ ಇರುವ ಅಂಗಡಿ. ಆ ಗಾದಿಯ ಮೇಲೆ ನಾನು ಒರೆಗಲ್ಲನ್ನು ಬಾಯಿಗಿಟ್ಟು ಚೀಪುತ್ತಾ ಕೂತಿದ್ದಾಗ ಏಜೆಂಟರು ಬಂದರಂತೆ. ನೋಡಿ, ಆಲ್ಬಮ್ಮು ಬಿಚ್ಚುವುದನ್ನೇ ಮರೆತು, “ಆಚಾರ್ರೇ, ಇದು ಕ್ಯಾಲೆಂಡರ್ ಮುಖ ಕಣ್ರೀ,” ಅಂದರಂತೆ. ಅವರೇ ಸ್ಟುಡಿಯೋಗೆ ಹೊತ್ತುಕೊಂಡು ಹೋಗಿ ಫೋಟೋ ತೆಗೆಸಿ ಶಿವಕಾಶಿಗೆ ಕಳಿಸಿದರು. ಅಲ್ಲಿಂದ ಅಚ್ಚಾಗಿ ಬಂದಾಗ ನನ್ನ ಬಣ್ಣ ಗುಲಾಬಿಯಾಗಿತ್ತು. ಬರೀ ಮೈಗೆ ನೀಲಿ ಫ್ರಾಕು ಬಂದಿತ್ತು. ಒರೆಗಲ್ಲು ಹೋಗಿ ಆ ಜಾಗದಲ್ಲಿ ಒಂದು ಮೊಲ ಕೂತಿತ್ತು. ಎಡಗೆನ್ನೆಯ ದೃಷ್ಟಿಬೊಟ್ಟು ಮಾತ್ರ ಹಾಗೇ ಉಳಿದಿತ್ತು. “ಆ ಬೊಟ್ಟೊಂದಿಲ್ದೆ ಇದ್ದಿದ್ರೆ ಯಾರ್ ಮನೆ ಮಗೀನೋ ಅನ್ಕೊಂತಿದ್ದೆ,” ಅಂತ ಅವ್ವ ಈಗಲೂ ಹೇಳುತ್ತಾಳೆ.

ಏಜೆಂಟರ ಬಗ್ಗೆ ನೂರು ಕತೆಗಳಿವೆ, ಅದರಲ್ಲಿ ಅರವತ್ತಾದರೂ ನಡೆದಿರುವಂಥವು. ಯಾರ ಮನೆಗೆ, ಯಾವ ಆಫೀಸಿಗೆ ಹೋದರೂ ಮೊದಲು ಅವರ ಕಣ್ಣು ಗೋಡೆಗೆ ಹೋಗುತ್ತಿತ್ತು. ಸೊಟ್ಟಗಿದ್ದ ಕ್ಯಾಲೆಂಡರನ್ನು ನೇರ ಮಾಡದೆ ಅವರಿಗೆ ಕೂರಲು ಆಗುತ್ತಿರಲಿಲ್ಲ. ತಿಂಗಳ ಹಾಳೆ ತಿರುಗಿಸಿಲ್ಲದಿದ್ದರೆ ಅವರೇ ತಿರುಗಿಸಿ, “ಮಾರ್ಚಲ್ಲೇ ಕೂತಿದ್ದೀರಲ್ಲಪ್ಪ, ನಾವೆಲ್ಲ ಜೂನಿಗೆ ಬಂದ್ಬುಟ್ಟಿದ್ದೀವಿ,” ಅನ್ನುತ್ತಿದ್ದರು. ತಾಲೂಕು ಆಫೀಸಿನಲ್ಲಿ ಸಾಹೇಬರು ಯಾರನ್ನೋ ಬಯ್ಯುತ್ತಿದ್ದಾಗ ಇವರು ಅವರ ಬೆನ್ನ ಹಿಂದೆ ಹೋಗಿ ಕ್ಯಾಲೆಂಡರ್ ಸರಿಮಾಡಿ ಬಂದರಂತೆ. ಸಾಹೇಬರು ಬೈಗುಳ ಎಲ್ಲಿಗೆ ನಿಲ್ಲಿಸಿದ್ದೆ ಅನ್ನುವುದನ್ನೇ ಮರೆತರಂತೆ.

ಜೇಬಿನಲ್ಲಿ ಯಾವಾಗಲೂ ನಾಲ್ಕು ಮೊಳೆ, ಒಂದು ಪುಟ್ಟ ಸುತ್ತಿಗೆ. ಅಂಗಡಿಯವರು ಹಂಚಿದ ಕ್ಯಾಲೆಂಡರು ಮನೆಗಳಲ್ಲಿ ಎಲ್ಲಿ ನೇತಾಡುತ್ತಿದೆ ಅಂತ ಜನವರಿಯಲ್ಲಿ ಬೀದಿ ಬೀದಿ ನೋಡಿಕೊಂಡು ಬರುತ್ತಿದ್ದರು. ಇದಕ್ಕೆ ಯಾರೂ ಅವರಿಗೆ ಹೇಳಿರಲಿಲ್ಲ. “ನಡುಮನೇಲಿ ಹಾಕಿದ್ರೆ ನೆಂಟ್ರು ನೋಡ್ತಾರೆ, ಅಷ್ಟೇಯ. ಒಲೆ ಎದ್ರುಗೆ ಬೀಳ್ಬೇಕು ಕಣ್ರೀ. ಅಲ್ಲಿ ಹೆಣ್ಮಕ್ಳು ಹಾಲು ಹಾಕಿಸ್ಕೊಂಡಿದ್ದು ಬರೀತಾರೆ, ಮುಟ್ಟಿನ್ ದಿನ ಗುರ್ತು ಹಾಕ್ತಾರೆ, ತವರಿಗೆ ಹೋಗೋ ದಿನ ಎಣಿಸ್ತಾರೆ. ಆಗ ನಿಮ್ ಅಂಗ್ಡಿ ಆ ಮನೇವ್ರಲ್ಲಿ ಒಬ್ರಾಯ್ತದೆ,” ಅಂತ ಅಪ್ಪನಿಗೆ ಹೇಳುತ್ತಿದ್ದರು. ಅಪ್ಪ ನನ್ನ ಕಡೆ ನೋಡಿ ಕೆಮ್ಮುತ್ತಿದ್ದರು. ನಾನು ಮೂರನೇ ಕ್ಲಾಸಿನಿಂದಲೂ ಏನೂ ಕೇಳಿಸದ ಮುಖ ಮಾಡುವುದರಲ್ಲಿ ಮೊದಲನೆಯವಳು.

ಕೆ.ಆರ್. ಪೇಟೆ ಕಡೆಯ ಒಂದು ಉಚಿತ ಹಾಸ್ಟೆಲ್ಲಿಗೆ ಅವರು ಮಾಡಿಕೊಟ್ಟ ಕ್ಯಾಲೆಂಡರಿನ ಕತೆ ಕೇಳಬೇಕು. ದಾನ ಕೊಟ್ಟ ಹನ್ನೆರಡು ಜನರ ಫೋಟೋ ತಿಂಗಳಿಗೊಂದರಂತೆ ಹಾಕುವುದು ಅಂತ ಮಾತಾಗಿತ್ತು. ಹನ್ನೆರಡು ಜನಕ್ಕೂ ಅಕ್ಟೋಬರೇ ಬೇಕು, ದಸರಾ ಬರುತ್ತಲ್ಲ. ಬಹಳ ಜಗಳವಾಗಿ ಹನ್ನೊಂದು ಜನ ಹೇಗೋ ಹನ್ನೊಂದು ತಿಂಗಳಿಗೆ ಒಪ್ಪಿದರು. ಆದರೆ ಆಷಾಢ ಬರುವ ಜುಲೈ ಯಾರಿಗೂ ಬೇಡ. ಆ ತಿಂಗಳು ತನ್ನ ಪಾಲಿಗೆ ಬಿತ್ತು ಅಂತ ಗೊತ್ತಾದ ದಾನಿ ಫೋಟೋ ವಾಪಸು ತೆಗೆದುಕೊಂಡು ಹೋದರು. ಏಜೆಂಟರು ಆ ಹಾಳೆಗೆ ಹಾಸ್ಟೆಲ್ಲಿನ ಅಡುಗೆಯವಳ ಫೋಟೋ ಹಾಕಿಸಿದರು, ಮುದ್ದೆಕೋಲು ಹಿಡಿದುಕೊಂಡು ನಿಂತಿದ್ದು. ಕಮಿಟಿಯವರು ಕೂಗಾಡಿದರು. ಆದರೆ ಜುಲೈ ಮುಗಿದು ಆಗಸ್ಟು ಕಳೆದರೂ ಜನ ಆ ಹಾಳೆ ತಿರುಗಿಸಲಿಲ್ಲವಂತೆ. ಸುತ್ತಿನ ಹಳ್ಳಿಗಳಿಂದ ರಾಗಿ ಮೂಟೆ ಬಂದವಂತೆ, ‘ಆ ಮುದ್ದೆ ಕಟ್ಟೋ ಅವ್ವನ ಹಾಸ್ಟೆಲ್ಲಿಗೆ’ ಅಂತ. ಎಷ್ಟು ಮೂಟೆ ಅಂತ ನಾನು ಕ್ಲಾಸಿನಲ್ಲಿ ಹೇಳುವಾಗ ಪ್ರತಿ ಸಲವೂ ಜಾಸ್ತಿಯಾಗುತ್ತದೆ.

ಏಜೆಂಟರ ಮನೆಗೆ ನಾನು ಹೋಗಿದ್ದು ಒಂದೇ ಸಲ. ಅವ್ವ ಒಬ್ಬಟ್ಟು ಕೊಟ್ಟು ಕಳಿಸಿದ್ದಳು. ಸ್ಟೇಷನ್ ಹಿಂದೆ ಒಂದೇ ಕೋಣೆ. ರೈಲು ಹೋದರೆ ಅಲ್ಲಿದ್ದ ಒಂದು ಲೋಟ ತಾನಾಗಿಯೇ ತಟ್ಟೆಯ ಹತ್ತಿರ ನಡೆದುಕೊಂಡು ಬರುತ್ತಿತ್ತು. ನಾನು ಅಲ್ಲಿ ಕ್ಯಾಲೆಂಡರಿನ ಕಾಡನ್ನೇ ನೋಡುತ್ತೇನೆ ಅಂದುಕೊಂಡಿದ್ದೆ. ನಾಲ್ಕು ಗೋಡೆಯ ಮೇಲೂ ಏನೂ ಇರಲಿಲ್ಲ. ಒಂದು ಮೊಳೆ ಇತ್ತು, ಅದಕ್ಕೆ ಅಂಗಿ ನೇತುಹಾಕಿದ್ದರು.

“ನಿಮ್ಮನೇಲೇ ಕ್ಯಾಲೆಂಡರ್ ಇಲ್ವಾ?” ಅಂದೆ.

“ಅದು ಅಂಗ್ಡಿಯೋರು ಗಿರಾಕಿಗೆ ಕೊಡೋದು ಕಣಮ್ಮಿ. ನಂಗ್ಯಾರ್ ಕೊಡ್ತಾರೆ?” ಅಂತ ನಕ್ಕರು. ಒಬ್ಬಟ್ಟಿನ ಡಬ್ಬಿ ಖಾಲಿ ಮಾಡಿ, ತೊಳೆದು, ಒರೆಸಿ, ಮತ್ತೆ ತೊಳೆದು ವಾಪಸು ಕೊಟ್ಟರು. ಡಬ್ಬಿ ಕೊಟ್ಟರೆ ನಾನು ಹೊರಟುಬಿಡುತ್ತೇನೆ ಅಂತ ಹಾಗೆ ಮಾಡಿದರು ಅಂತ ಈಗ ಅನ್ನಿಸುತ್ತದೆ. ಆಗ ನನಗೆ ಟಿ.ವಿ.ಯಲ್ಲಿ ಸಿನಿಮಾ ಶುರುವಾಗುವ ಹೊತ್ತಾಗಿತ್ತು.

ವರ್ಷಕ್ಕೊಮ್ಮೆ ಆರ್ಡರಿಗೆ ಬಂದಾಗ ಅಪ್ಪನ ಹತ್ತಿರ ಐದು ನಿಮಿಷ, ಒಳಗೆ ಅವ್ವನ ಹತ್ತಿರ ಮುಕ್ಕಾಲು ಗಂಟೆ. ಪುಟ್ಟಿಗೆ ಹಲ್ಲು ಎಷ್ಟು ಬಿತ್ತು, ಜ್ವರ ಯಾವಾಗ ಬಂತು, ಲೆಕ್ಕದಲ್ಲಿ ಎಷ್ಟು ಅಂಕ, ಮಗ್ಗಿ ಎಲ್ಲಿವರೆಗೆ ಬರುತ್ತದೆ. ಆರ್ಡರ್ ಪುಸ್ತಕದ ಕೊನೆ ಹಾಳೆಯಲ್ಲಿ ಎಲ್ಲ ಬರೆದುಕೊಳ್ಳುತ್ತಿದ್ದರು. ಅವರು ನನ್ನ ಅಭಿಮಾನಿ, ಮುಂದೆ ನನ್ನ ಜೀವನಚರಿತ್ರೆ ಬರೆಯುತ್ತಾರೆ ಅಂತ ನಾನು ತಿಳಿದಿದ್ದೆ. ಹೋಗುವಾಗ ಜೇಬಿನಿಂದ ಹಿತ್ತಾಳೆಯ ಆಟದ ಸಾಮಾನೊಂದು ತೆಗೆದು ಕೊಡುತ್ತಿದ್ದರು. ಒಂದು ವರ್ಷ ಹೆಬ್ಬೆರಳಷ್ಟು ಕೊಡಪಾನ, ಇನ್ನೊಂದು ವರ್ಷ ಒರಳು, ಮತ್ತೊಂದು ವರ್ಷ ನಿಜವಾಗಿ ತಿರುಗುವ ಬೀಸೋಕಲ್ಲು. “ಯಾಕೆ ಏಜೆಂಟ್ರೇ ಇದೆಲ್ಲ?” ಅಂತ ಅವ್ವ ಕೇಳಿದರೆ, “ನಮ್ ಕಂಪನಿ ಕಡೆಯಿಂದ ಕಣಮ್ಮ, ನಲವತ್ತೊಂದನೇ ನಂಬ್ರಿಗೆ,” ಅನ್ನುತ್ತಿದ್ದರು.

ಹೋದ ವರ್ಷದ ಶ್ರಾವಣಕ್ಕೆ ಬರುತ್ತೇನೆ. ಆಮೇಲೆ ಅವರು ನಮ್ಮ ಅಂಗಡಿಗೆ ಬರಲಿಲ್ಲ. ಡಿಸೆಂಬರಿನಲ್ಲಿ ಕ್ಯಾಲೆಂಡರಿನ ಕಟ್ಟು ಬಸ್ಸಿನ ಪಾರ್ಸಲ್ಲಿನಲ್ಲಿ ಬಂತು, ಅಷ್ಟೇ.

ಅಪ್ಪ ನಾಗಮಂಗಲದ ಹತ್ತಿರ ಒಂದು ಹಳ್ಳಿಗೆ ಮಾಂಗಲ್ಯ ತಲುಪಿಸಲು ಹೊರಟಿದ್ದರು. ನನಗೆ ರಜಾ. ಹಟ ಮಾಡಿ ಜೊತೆಗೆ ಹೊರಟೆ. ಅಪ್ಪನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ: ಗುಲಗಂಜಿ ತೂಕ ಹೆಚ್ಚುಕಮ್ಮಿಯಾದರೂ ನಿದ್ದೆ ಬರದ ಮನುಷ್ಯ. ಮಾತಿನಲ್ಲೂ ಹಾಗೇ. ಅವ್ವ ಹೊಸ ಸೀರೆ ಉಟ್ಟು ಹೇಗಿದೆ ಅಂತ ಕೇಳಿದರೆ, ತಕ್ಕಡಿಯ ಮುಂದೆ ಕೂತವರ ಹಾಗೆ ಸ್ವಲ್ಪ ಹೊತ್ತು ನೋಡಿ, “ಸೆರಗು ಚೆಂದಾಗೈತೆ,” ಅನ್ನುತ್ತಾರೆ. ಇಂಥವರ ಹೊಟ್ಟೆಯಲ್ಲಿ ನಾನು ಹೇಗೆ ಹುಟ್ಟಿದೆ ಅಂತ ಊರಿಗೇ ಆಶ್ಚರ್ಯ.

ಪಾಂಡವಪುರದಲ್ಲಿ ಏಜೆಂಟರು ಅದೇ ಬಸ್ಸು ಹತ್ತಿದರು, ಆಲ್ಬಮ್ಮಿಗೆ ಕಿಟಕಿ ಪಕ್ಕದ ಸೀಟು ಕೊಟ್ಟು ತಾವು ನಿಂತರು. ನಾಗಮಂಗಲದಲ್ಲಿ ಇಳಿದಾಗ ಅಪ್ಪ, “ಏಜೆಂಟ್ರೇ, ನಾನು ಬಾಡಿಗೆ ಸೈಕಲ್ಲಲ್ಲಿ ಹಳ್ಳಿಗೋಗಿ ಬಂದ್ಬುಡ್ತೀನಿ. ಇವ್ಳು ವಸಿ ನಿಮ್ ಜತೆಗಿರ್ಲಿ,” ಅಂದರು.

ಏಜೆಂಟರು ನನ್ನನ್ನು ನೋಡಿದರು, ಪೇಟೆ ಬೀದಿಯನ್ನು ನೋಡಿದರು. “ಬಸ್ ಸ್ಟ್ಯಾಂಡಲ್ಲೇ ಕೂರಿಸಾನ ಬುಡಿ,” ಅಂದರು.

“ಬಸ್ ಸ್ಟ್ಯಾಂಡಲ್ಲಿ ಬ್ಯಾಡ. ನೀವ್ ಹೋಗೋ ಅಂಗ್ಡಿ ತಾವೇ ಇರ್ಲಿ, ನಾನ್ ಅಲ್ಲಿಗೇ ಬತ್ತೀನಿ. ಯಾವ್ದು?”

ಬೇರೆ ದಾರಿ ಇಲ್ಲದೆ ಅವರು ಒಂದು ಪಾತ್ರೆ ಅಂಗಡಿಯ ಹೆಸರು ಹೇಳಿದರು. ಅಲ್ಲಿಗೆ ಹೋದ ಮೇಲೆ, “ಪುಟ್ಟಿ, ನೀನಿಲ್ಲೇ ಜಗ್ಲಿ ಮ್ಯಾಲೆ ಕೂತಿರವ್ವ. ಒಳಗೆ ಬರಿ ಪಾತ್ರೆ,” ಅಂದರು. ನನಗೆ ಕೂತಿರು ಅಂದರೆ ಏಳು ಅಂದ ಹಾಗೆ.

ಒಳಗಿನಿಂದ ಹೆಂಗಸಿನ ದನಿ ಬಂತು. “ಬನ್ನಿ ಅಣ್ಣಯ್ಯ. ಎಲ್ಲಿ, ಶ್ರಾವಣ ಮುಗ್ಯಾಕ್ ಬಂತು, ಅಣ್ಣಯ್ಯ ಬರ್ನಿಲ್ವಲ್ಲ ಅಂತಿದ್ದೆ. ಕೈಕಾಲು ತೊಳ್ಕಳಿ, ಕಾಫಿ ತತ್ತೀನಿ.”

ಅಣ್ಣಯ್ಯ ಯಾರು ಅಂತ ಬಗ್ಗಿ ನೋಡಿದೆ. ಒಳಗೆ ಏಜೆಂಟರು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಅವರು ಆ ಮನೆಯವರೇ ಅನ್ನುವ ಹಾಗೆ ಚಪ್ಪಲಿ ಬಿಟ್ಟು, ತಂಬಿಗೆ ಎಲ್ಲಿದೆ ಅಂತ ಕೇಳದೆ ತೆಗೆದುಕೊಂಡು ಕಾಲಿಗೆ ನೀರು ಹಾಕಿಕೊಳ್ಳುತ್ತಿದ್ದರು. ಗಲ್ಲಾಪೆಟ್ಟಿಗೆಯ ಮೇಲಿನ ಗೋಡೆಯಲ್ಲಿ, ದೇವರ ಪಟಗಳ ಪಕ್ಕದಲ್ಲಿ, ಕಟ್ಟು ಹಾಕಿಸಿದ ನಾನಿದ್ದೆ. ತಾರೀಖು, ಅಂಗಡಿ ಹೆಸರು ಎಲ್ಲ ಕತ್ತರಿಸಿ ಬರೀ ನಾನು, ಮೊಲ, ಎಡಗೆನ್ನೆಯ ಬೊಟ್ಟು.

ಇನ್ನು ತಡೆಯಲು ಆಗುತ್ತದೆಯೇ. ನೇರ ಒಳಗೆ ಹೋಗಿ, “ಅದು ನಾನೇ,” ಅಂದೆ.

ಕಾಫಿ ಲೋಟ ಹಿಡಿದು ಬಂದ ಅಂಗಡಿಯ ಅಮ್ಮ ನನ್ನನ್ನು ನೋಡಿದರು. ಪಟ ನೋಡಿದರು. ಏಜೆಂಟರನ್ನು ನೋಡಿದರು. “ಮೊಮ್ಮಗ್ಳಾ ಅಣ್ಣಯ್ಯ? ಕೊನೆಗೂ ಕರ್ಕೊಂಬಂದ್ರಾ?”

ಏಜೆಂಟರ ಕೈ ಆಲ್ಬಮ್ಮಿನ ಲಾಡಿಯ ಮೇಲೆ ನಿಂತುಬಿಟ್ಟಿತು.

“ನನ್ ಮಗಳು ಹೊಟ್ಟೇಲಿದ್ದಾಗ ದಿನಾ ಬೆಳಿಗ್ಗೆ ನಿನ್ ಮುಖ ನೋಡೇ ಏಳ್ತಿದ್ದೆ ಕಣ್ ಮಗ. ಈ ಕೂಸು ಯಾರ್ದು ಅಣ್ಣಯ್ಯ ಅಂದ್ರೆ, ನನ್ ಮೊಮ್ಮಗ್ಳು ಕಣವ್ವ ಅಂದ್ರು. ಅವತ್ತಿಂದ ವರ್ಸ ವರ್ಸ ಎಲ್ಲ ಹೇಳ್ತಾರೆ. ಸೈಕಲ್ಲಿಂದ ಬಿದ್ದು ಮಂಡಿ ಒಡ್ಕಂಡಿದ್ದು ವಾಸಿ ಆಯ್ತಾ? ಲೆಕ್ಕದಲ್ಲಿ ಮೂವತ್ತಾರು ಅಂತೆ?”

“ಮೂವತ್ತೆಂಟು,” ಅಂದೆ.

“ನಾನ್ ಕಳ್ಸಿದ್ ಬೀಸೋಕಲ್ಲು ತಿರುಗ್ತದಾ?”

ಅವರ ಹಿಂದಿನ ಗೂಡಿನಲ್ಲಿ ನನ್ನ ಕೊಡಪಾನ, ನನ್ನ ಒರಳು, ಅಂಥವೇ ಇಪ್ಪತ್ತು ಮೂವತ್ತು ಸಾಲಾಗಿ ಕೂತಿದ್ದವು. ಕಂಪನಿ ಯಾವುದು ಅಂತ ನನಗೆ ಆಗ ಗೊತ್ತಾಯಿತು.

ಏಜೆಂಟರು ಎದ್ದು ನಿಂತರು. “ಅಮ್ಮಯ್ಯ, ನಿಮ್ಗೊಂದ್ ಮಾತು ಹೇಳ್ಬೇಕು. ಬಾಳ ದಿನದಿಂದ ಅನ್ಕೊಂತಿದ್ದೆ,” ಅಂದರು.

ಅವರನ್ನು ಹೇಳಲು ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ನನ್ನ ಮುಂದೆ ಇಷ್ಟಗಲ ಕಣ್ಣು ಬಿಟ್ಟುಕೊಂಡು ಕೇಳಲು ಕೂತವರೊಬ್ಬರಿದ್ದರು, ಅದೂ ಹದಿಮೂರು ವರ್ಷದಿಂದ ನನ್ನ ಅಭಿಮಾನಿ. “ತಾತ, ನೀವ್ ಸುಮ್ಕಿರಿ. ನಾನ್ ಹೇಳ್ತೀನಿ,” ಅಂದೆ.

ತಾತ ಕೂತರು.

ನಾನು ಶುರುಮಾಡಿದೆ. ನಮ್ಮ ಮನೆಯಲ್ಲಿ ಹನ್ನೊಂದು ಜನ. ತಾತ ಬರುವವರೆಗೆ ಯಾರೂ ಊಟಕ್ಕೆ ಕೂರುವುದಿಲ್ಲ. ತಾತ ಲೈನಿಗೆ ಹೋದಾಗ ನಮ್ಮ ನಾಯಿ ಬಾಗಿಲಲ್ಲೇ ಮಲಗಿರುತ್ತದೆ, ಅನ್ನ ಮುಟ್ಟುವುದಿಲ್ಲ, ಹಾಲು ಮಾತ್ರ ಕುಡಿಯುತ್ತದೆ. ಟಿ.ವಿ. ನೋಡಲು ಬೀದಿಯೆಲ್ಲ ಬಂದರೂ ಇರುವ ಒಂದು ಕುರ್ಚಿ ತಾತನದೇ. ಬೇರೆಯವರು ಕೂತರೆ ನಾಯಿ ಕಚ್ಚುತ್ತದೆ. ಕಾಯಿಲೆ ಬಿದ್ದರೆ ತಾತನಿಗೆ ಗಂಜಿ ಕುಡಿಸಲು ನಮ್ಮಲ್ಲಿ ಜಗಳವಾಗುತ್ತದೆ. ಅಮ್ಮ ನಕ್ಕು ನಕ್ಕು ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. “ಮತ್ತೆ ಇಷ್ಟ್ ಸಣ್ಣಕ್ಕವ್ರಲ್ಲ?” ಅಂದರು. ತಾತ ತಿನ್ನುವುದೆಲ್ಲ ಆಲ್ಬಮ್ಮಿಗೆ ಹೋಗುತ್ತದೆ ಅಂದೆ.

ಏಜೆಂಟರು ಮೊದಮೊದಲು ನೆಲ ನೋಡುತ್ತಿದ್ದರು. ಆಮೇಲೆ ನನ್ನನ್ನು ನೋಡತೊಡಗಿದರು, ನಾನು ಹೇಳುತ್ತಿರುವ ಮನೆಗೆ ದಾರಿ ಕೇಳುವವರ ಹಾಗೆ. ನಾನು ಜಡೆಯನ್ನೂ ತಾತನೇ ಹಾಕುತ್ತಾರೆ ಅಂದಾಗ ಅವರು ಮೆಲ್ಲಗೆ ಬಾಯಿಬಿಟ್ಟರು.

“ಬಿಗಿಯಾಗಿ ಹಾಕಿದ್ರೆ ಅಳ್ತಾಳೆ,” ಅಂದರು. ನನ್ನ ಜಡೆಯ ಕಡೆ ನೋಡಿ, “ಸಡಿಲ ಹಾಕಿದ್ರೆ ಬೈತಾಳೆ,” ಅಂದರು.

ಅದು ನನ್ನ ಯಾವ ಸುಳ್ಳಿಗಿಂತಲೂ ಚೆನ್ನಾಗಿತ್ತು. ನಾನು ಇನ್ನೂ ಮೇಲೆ ಹೋದೆ. “ದೀಪಾವಳಿಗೆ ನಮ್ಮನೆಗೆ ಬನ್ನಿ ಅಮ್ಮ. ತಾತ ಕಾಯ್ತಿರ್ತಾರೆ.”

“ಬತ್ತೀನಿ ಕಣ್ ಮಗ. ನಿಮ್ ತಾತ ಒಂದ್ ಸಲಾನೂ ಕರೀನಿಲ್ಲ ನೋಡು,” ಅಂತ ಅಮ್ಮ ಎದ್ದು ಗೂಡಿನಿಂದ ಪುಟ್ಟ ಹಿತ್ತಾಳೆ ಒಲೆಯೊಂದನ್ನು ತೆಗೆದು ಹಳೇ ಪೇಪರಿನಲ್ಲಿ ಸುತ್ತತೊಡಗಿದರು. ಏಜೆಂಟರು ಕಾಫಿ ಲೋಟ ತುಟಿಯವರೆಗೆ ಎತ್ತಿ ಹಾಗೇ ಹಿಡಿದಿದ್ದರು.

ಆಗ ಅಪ್ಪ ಬಂದರು. ಸೈಕಲ್ ತುಳಿದು ಅಂಗಿ ಬೆನ್ನಿಗೆ ಅಂಟಿತ್ತು. “ಅಮ್ಮಿ, ನಡಿ, ಬಸ್ಸು ನಿಂತೈತೆ. ಏಜೆಂಟ್ರೇ, ತಲೆ ತಿಂದ್ಬುಟ್ಲಾ ನಮ್ ಹುಡ್ಗಿ?”

ಅಮ್ಮ ಪೇಪರು ಸುತ್ತುತ್ತಲೇ ನಕ್ಕರು. “ನೀವು ಅಣ್ಣಯ್ಯನ ಮಗನೋ ಅಳಿಯನೋ?”

ಅಣ್ಣಯ್ಯ ಯಾರು ಅಂತ ಅಪ್ಪ ಹಿಂದೆ ತಿರುಗಿ ನೋಡಿದರು. ನಾನು ಕಣ್ಣು ಮಿಟುಕಿಸಿದೆ. ಹುಬ್ಬು ಕುಣಿಸಿದೆ. ಕೆಮ್ಮಿದೆ. “ಕಣ್ಗೇನಾರ ಬಿತ್ತಾ?” ಅಂದರು ಅಪ್ಪ. ಆಮೇಲೆ ಅಮ್ಮನ ಕಡೆ ತಿರುಗಿ, “ಯಾರ ಮಗ ತಾಯಿ?” ಅಂದರು.

“ಇವ್ರ್ದು. ಈ ಹುಡ್ಗಿ ಇವ್ರ ಮೊಮ್ಮಗ್ಳಲ್ವಾ?”

ಅಪ್ಪ ತಕ್ಕಡಿಯ ಮುಂದೆ ಕೂತವರ ಹಾಗೆ ಒಂದು ಕ್ಷಣ ನಿಂತರು. ಯಾರದೋ ಸಣ್ಣ ತಪ್ಪನ್ನು ನಯವಾಗಿ ತಿದ್ದುವ ದನಿಯಲ್ಲಿ, “ಇಲ್ಲ ತಾಯಿ. ಇವ್ಳು ನನ್ ಮಗ್ಳು. ಇವ್ಳ ತಾತ ಪಾಲಹಳ್ಳೀಲವ್ರೆ, ಮರಗೆಲ್ಸ ಮಾಡ್ತಾರೆ. ಇವ್ರು ನಮ್ಗೆ ಕ್ಯಾಲೆಂಡರ್ ತಂದ್ಕೊಡೋರು,” ಅಂದರು.

ಪೇಪರಿನ ಸದ್ದು ನಿಂತಿತು. ಏಜೆಂಟರು ಲೋಟ ಕೆಳಗಿಟ್ಟು ಆಲ್ಬಮ್ಮಿನ ಲಾಡಿ ಕಟ್ಟಿದರು, ಅದನ್ನಿನ್ನೂ ಬಿಚ್ಚಿಯೇ ಇರಲಿಲ್ಲ. ಕಟ್ಟಿದ್ದರ ಮೇಲೆ ಇನ್ನೊಂದು ಗಂಟು ಹಾಕಿದರು. ಎದ್ದು ನಿಂತಾಗ ಗೋಡೆಯ ಮೇಲಿನ ಪಟ ಒಂದು ಕಡೆ ಸ್ವಲ್ಪ ಸೊಟ್ಟಗಿರುವುದು ಅವರ ಕಣ್ಣಿಗೆ ಬಿತ್ತು. ಅಭ್ಯಾಸದಂತೆ ಕೈ ಎತ್ತಿದರು. ಆಮೇಲೆ ಕೈಯನ್ನು ಜೇಬಿಗೆ ಹಾಕಿಕೊಂಡರು.

ಅಮ್ಮ ಅರ್ಧ ಸುತ್ತಿದ ಒಲೆಯನ್ನು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟರು.

“ಕಾಫಿ ಆರೋಯ್ತು, ಏಜೆಂಟ್ರೇ,” ಅಂದರು.